ದೊಗಳೆ ಫ್ರಾಕು

ಜೂನ್ ೩, ಮಧ್ಯಾಹ್ನ

ಅತ್ತೆಯವರಿಗೆ,

ಕೈಕಾಲು ನೆಟ್ಟಗಿರುವ ಹಾಗೇ ಬಂದು ತಲುಪಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನೀವು "ಆಂ? ಆಂ?" ಅಂತ ಕೂಗಿ, ನಾನು ಇಲ್ಲಿಂದ ಗಂಟಲು ಹರಿದುಕೊಂಡು, ಕೊನೆಗೆ "ನೊಣ ಗುಂಯ್ ಅಂದ ಹಾಗಿದೆ, ಇಡ್ತೀನಿ" ಅಂತ ನೀವು ಇಟ್ಟುಬಿಡುವುದು ಇದ್ದದ್ದೇ. ಮೆಸೇಜು ಕಳಿಸೋಣ ಅಂದರೆ ಕನ್ನಡಕ ಹುಡುಕುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ ಅಂತೀರಿ. ಹಾಗಾಗಿ ಕಾಗದವೇ ಗತಿ. ಹೋಟೆಲಿನ ಮೇಜಿನ ಮೇಲೆ ಹಾಳೆ, ಲಕೋಟೆ, ಪೆನ್ನು ಎಲ್ಲ ಜೋಡಿಸಿ ಇಟ್ಟಿದ್ದಾರೆ. ಕೆಳಗೆ ರಿಸೆಪ್ಷನ್ನಿನ ಹುಡುಗಿಯ ಕೈಗೆ ಕೊಟ್ಟರೆ ಕೊರಿಯರಿನವರು ಬಂದು ಒಯ್ಯುತ್ತಾರಂತೆ, ಮಾರನೆಯ ದಿನವೇ ಅಂಗಡಿಗೆ ಬರುತ್ತದಂತೆ.

ಬೈಸಿಕೊಳ್ಳುವ ವಿಷಯ ಮೊದಲೇ ಹೇಳಿಬಿಡುತ್ತೇನೆ. ದಾರ ಕತ್ತರಿಸುವ ನಿಮ್ಮ ಪುಟ್ಟ ಕತ್ತರಿ ವಿಮಾನ ನಿಲ್ದಾಣದ ಪಾಲಾಯಿತು. ಕೈಚೀಲದಲ್ಲಿ ಹಾಗೇ ಉಳಿದಿತ್ತು. ತಪಾಸಣೆಯ ಹೆಂಗಸು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದ್ಯಾಕೆ?" ಅಂದರು.

"ದಾರ ಕತ್ತರಿಸೋಕೆ."

"ವಿಮಾನದಲ್ಲಿ ಯಾವ ದಾರ ಇರುತ್ತಮ್ಮ?"

ಅವರ ಸಮವಸ್ತ್ರದ ತೋಳಿನ ಅಂಚು ಬಿಚ್ಚಿಕೊಂಡು ನೂಲು ನೇತಾಡುತ್ತಿತ್ತು. "ಇಗೋ, ಈ ದಾರ" ಅನ್ನಬೇಕು ಅಂತ ನಾಲಿಗೆ ತುರಿಸಿತು. ನುಂಗಿಕೊಂಡೆ. ಕತ್ತರಿ ಡಬ್ಬಿಯೊಳಗೆ ಟಣ್ ಅಂತ ಬಿತ್ತು.

ವಿಮಾನ ಏರುವಾಗ ಕಿವಿ ಕಟ್ಟಿಕೊಂಡಿತು ಅತ್ತೆ. ಪಕ್ಕದವರ ಬಾಯಿ ಆಡುತ್ತದೆ, ಮಾತು ಮಾತ್ರ ಎಲ್ಲೋ ಗೋಡೆಯಾಚೆ ಇದ್ದ ಹಾಗೆ. ನಿಮಗೆ ದಿನವಿಡೀ ಹೀಗೇ ಇರುತ್ತದಲ್ಲ ಅನ್ನಿಸಿತು. ಇನ್ನು ಮುಂದೆ "ಎಷ್ಟು ಸಲ ಹೇಳೋದು" ಅಂತ ನಿಮ್ಮ ಮೇಲೆ ರೇಗುವುದಿಲ್ಲ. ರೇಗಿದರೂ ಮೆಲ್ಲಗೆ ರೇಗುತ್ತೇನೆ. ಪಕ್ಕದಲ್ಲಿ ಕೂತ ಹಿರಿಯರು "ಒಬ್ಬರೇನಾ ಹೊರಟಿದ್ದು?" ಅಂತ ಕೇಳಿದರು. "ಹೋಗುವಾಗ ಒಬ್ಬಳೇ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಸುಮ್ಮನೆ ತಲೆಯಾಡಿಸಿದರು.

ಹೋಟೆಲು ಮಕ್ಕಳ ಮನೆಯವರೇ ಗೊತ್ತುಮಾಡಿದ್ದು. ದತ್ತು ತೆಗೆದುಕೊಳ್ಳಲು ದೂರದಿಂದ ಬಂದವರನ್ನೆಲ್ಲ ಇಲ್ಲೇ ಇಳಿಸುತ್ತಾರಂತೆ. ಹೊರಗೆಲ್ಲ ಗಾಜು. ಕೋಣೆಗೆ ಬೀಗದ ಕೈ ಇಲ್ಲ, ಒಂದು ಕಾರ್ಡು. ಒಳಗೆ ಬಂದು ಇದ್ದಬದ್ದ ಸ್ವಿಚ್ಚೆಲ್ಲ ಒತ್ತಿದರೂ ದೀಪ ಹತ್ತಲಿಲ್ಲ. ಕರೆಂಟು ಹೋಗಿದೆ ಅಂದುಕೊಂಡು ಕತ್ತಲಲ್ಲೇ ಮುಖ ತೊಳೆದುಕೊಂಡೆ. ಆಮೇಲೆ ಕೋಣೆ ಒರೆಸುವವರು ಬಂದು ಆ ಕಾರ್ಡನ್ನು ಬಾಗಿಲ ಪಕ್ಕದ ಗೂಡಿಗೆ ಸಿಕ್ಕಿಸಿದರು, ಕೋಣೆ ಜಗ್ ಅಂತ ಬೆಳಗಿತು. ಇಬ್ಬರೂ ನಕ್ಕೆವು. ಹೊದಿಕೆಯನ್ನು ಹಾಸಿಗೆಯ ಕೆಳಗೆ ಎಷ್ಟು ಬಿಗಿಯಾಗಿ ತುರುಕಿದ್ದಾರೆಂದರೆ ಒಳಗೆ ನುಗ್ಗುವುದಕ್ಕೆ ಕುಸ್ತಿ ಆಡಬೇಕು. ಪರದೆ ಗುಂಡಿ ಒತ್ತಿದರೆ ತಾನೇ ಸರಿಯುತ್ತದೆ. ಕಿಟಕಿ ಮಾತ್ರ ತೆರೆಯುವುದಿಲ್ಲ.

ನಾಳೆ ಬೆಳಿಗ್ಗೆ ಅವಳನ್ನು ನೋಡುತ್ತೇನೆ. ಇಲ್ಲಿಯ ಕ್ರಮ ಹೀಗೆ: ಹಗಲು ಹೊತ್ತು ಮಗು ನನ್ನ ಜೊತೆ, ಸಂಜೆ ಮಕ್ಕಳ ಮನೆಗೆ ವಾಪಸ್ಸು. ಹದಿನೇಳನೇ ತಾರೀಕು ಅಧಿಕಾರಿಯೊಬ್ಬರು ಬಂದು ಅವಳನ್ನೇ ಕೇಳುತ್ತಾರೆ, "ಇವರ ಜೊತೆ ಹೋಗ್ತೀಯಾ?" ಅಂತ. ಏಳು ವರ್ಷದವಳು ಅಲ್ಲವೇ, ಅವಳ ಬಾಯಿಂದಲೇ 'ಹ್ಞೂಂ' ಬರಬೇಕಂತೆ. ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು, ನಾನು ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು.

ನಾನು ಹೊರಡುವಾಗ ನೀವು ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ಕೈತುಂಬ ಕೆಲಸವಿತ್ತು, ಗೊತ್ತು. ಆದರೂ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ.

ನಿಮ್ಮ ಸೊಸೆ, ಗಡಿಬಿಡಿ


ಜೂನ್ ೫

ಗಡಿಬಿಡಿಗೆ ಆಶೀರ್ವಾದ.

ಕಾಗದ ಬಂತು. ಹೊರಡುವ ಮುಂಚೆ ಕೈಚೀಲ ಒಂದು ಸಲ ಕೊಡವಿ ನೋಡು ಅಂತ ಬಡ್ಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೋಗಲಿ ಬಿಡು, ಆ ಕತ್ತರಿಗೂ ನನ್ನಷ್ಟೇ ವಯಸ್ಸಾಗಿತ್ತು. ನೀನು ಆ ಹೆಂಗಸಿನ ತೋಳಿನ ವಿಷಯ ಎತ್ತದೆ ಬಂದದ್ದೇ ದೊಡ್ಡದು. ನಾನಾಗಿದ್ದರೆ ಅಲ್ಲೇ ಕೂರಿಸಿಕೊಂಡು ಅಂಚು ಮಡಿಚಿ ಹೊಲಿದುಕೊಟ್ಟು, ವಿಮಾನ ತಪ್ಪಿಸಿಕೊಂಡು ಬರುತ್ತಿದ್ದೆ.

ಇಲ್ಲಿ ಶಾಲೆಯ ಯೂನಿಫಾರ್ಮಿನ ಸುಗ್ಗಿ. ಕಾಲಿಡಲು ಜಾಗವಿಲ್ಲ, ಮೇಜಿನ ಮೇಲೆಲ್ಲ ನೀಲಿ ಬಟ್ಟೆ. ಬೇಸಿಗೆಯಲ್ಲಿ ಅಳತೆ ಕೊಟ್ಟು ಹೋದ ಮಕ್ಕಳು ಈಗ ಬಂದು ನಿಂತರೆ ಗುರುತೇ ಸಿಗುವುದಿಲ್ಲ, ಪ್ಯಾಂಟು ಗೇಣು ಮೇಲೆ. ತಾಯಂದಿರು ನನ್ನನ್ನು ಬೈಯುತ್ತಾರೆ, ನಾನೇನೋ ಅವರ ಮಕ್ಕಳಿಗೆ ಗೊಬ್ಬರ ಹಾಕಿದೆ ಅನ್ನುವ ಹಾಗೆ. ಗುಂಡಿಯ ಕಾಜ ಹೊಲಿಯುವವಳು ನೆಗಡಿ ಅಂತ ಬರಲಿಲ್ಲ. ದೊಡ್ಡ ಯಂತ್ರದ ಪಟ್ಟಿ ಮತ್ತೆ ಜಾರುತ್ತಿದೆ, ಅದಕ್ಕೆ ನಿನ್ನ ಕೈಯೇ ಆಗಬೇಕು. ನನ್ನ ಮಾತು ಕೇಳುವುದಿಲ್ಲ ಅದು.

ಔಷಧಿ ಅಂಗಡಿಯವರು ಪ್ಯಾಂಟಿನ ಸೊಂಟ ಕುಗ್ಗಿಸಲು ತಂದುಕೊಟ್ಟರು. ನೀನೆಲ್ಲಿ ಅಂತ ಕೇಳಿದರು. ಕೆಲಸದ ಮೇಲೆ ಹೋಗಿದ್ದಾಳೆ ಅಂದೆ. ತೆಳ್ಳಗಾಗಿದ್ದಾರೆ ಪಾಪ, ಮನೆಯಲ್ಲಿ ಮಾಡಿಹಾಕುವವರಿಲ್ಲ.

ಆ ಗಾಜಿನ ಮನೆಯಲ್ಲಿ ಹುಷಾರು. ತೆರೆಯದ ಕಿಟಕಿ ಇಟ್ಟುಕೊಂಡು ಅದನ್ನು ಕಿಟಕಿ ಅಂತ ಯಾಕೆ ಕರೆಯಬೇಕೋ! ಹೊದಿಕೆ ಸುತ್ತಲೂ ಎಳೆದು ಬಿಡಿಸಿಕೊಂಡು ಮಲಗು. ಹೊತ್ತು ಹೊತ್ತಿಗೆ ಊಟ ಮಾಡು.

ಅತ್ತೆ


ಜೂನ್ ೭

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲಾದರೂ ಒಂದು ಸಾಲು ಬಿಟ್ಟುಹೋಗಿದೆಯೇನೋ ಅಂತ. ಯೂನಿಫಾರ್ಮು ಇದೆ, ಯಂತ್ರದ ಪಟ್ಟಿ ಇದೆ, ಔಷಧಿ ಅಂಗಡಿಯವರ ಸೊಂಟವೂ ಇದೆ. ಅವಳು ಹೇಗಿದ್ದಾಳೆ ಅಂತ ಒಂದು ಮಾತು ಇಲ್ಲ. ಇರಲಿ, ನೀವು ಕೇಳದಿದ್ದರೂ ಹೇಳುತ್ತೇನೆ, ನನಗೆ ಹೇಳದೆ ಇರಲಾಗುತ್ತಿಲ್ಲ.

ಕಡ್ಡಿ ಹಾಗಿದ್ದಾಳೆ. ಕುತ್ತಿಗೆಯ ಎಲುಬು ಎದ್ದು ಕಾಣುತ್ತದೆ. ಕೂದಲು ಗಿಡ್ಡಕ್ಕೆ ಕತ್ತರಿಸಿದ್ದಾರೆ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ನಡೆಯುವಾಗ ಗೋಡೆಯನ್ನು ಬೆರಳಲ್ಲಿ ಸವರುತ್ತಾ ನಡೆಯುತ್ತಾಳೆ. ಮಾತು ಬಲು ಕಡಿಮೆ, ಮೌನಗೌರಿಯೇ. ಮೊದಲ ದಿನ ನನ್ನ ಮುಖವನ್ನೇ ನೋಡಲಿಲ್ಲ, ನನ್ನ ಚಪ್ಪಲಿ ನೋಡಿಕೊಂಡು ಕೂತಿದ್ದಳು. ಅಲ್ಲಿಯ ಮೇಲ್ವಿಚಾರಕಿಯನ್ನು ಮಕ್ಕಳೆಲ್ಲ ದೊಡ್ಡಮ್ಮ ಅನ್ನುತ್ತಾರೆ. ಅವರು, "ನೀವು ಮಾತಾಡಿಸೋಕೆ ಹೋಗಬೇಡಿ, ಪಕ್ಕದಲ್ಲಿ ಇರಿ ಸಾಕು" ಅಂದರು.

ನಿನ್ನೆ ಹೋಟೆಲಿಗೆ ಕರೆತಂದೆ. ಲಿಫ್ಟಿನಲ್ಲಿ ಇದ್ದ ಗುಂಡಿಗಳನ್ನೆಲ್ಲ ಸಾಲಾಗಿ ಒತ್ತಿಬಿಟ್ಟಳು, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತು, ಮುಚ್ಚಿತು. ಸೂಟು ಹಾಕಿದ ಒಬ್ಬರು ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದರು. ನಾನು ಅವರ ಕೋಟಿನ ಹೊಲಿಗೆ ನೋಡುತ್ತಾ ನಿಂತೆ. ಕೋಣೆಯಲ್ಲಿ ಪರದೆಯ ಗುಂಡಿ ಅವಳಿಗೆ ಬಹಳ ಹಿಡಿಸಿತು. ತೆರೆಯುವುದು, ಮುಚ್ಚುವುದು, ತೆರೆಯುವುದು. ಆಮೇಲೆ ಗಾಜಿಗೆ ಹಣೆ ಒತ್ತಿ ನಿಂತು ಕೇಳಿದಳು:

"ಈ ಕಿಟಕಿ ಯಾಕೆ ತೆಗೆಯೋಕೆ ಬರಲ್ಲ?"

"ಹೋಟೆಲಿನವರಿಗೆ ಭಯ."

"ಯಾರನ್ನ ಕಂಡ್ರೆ?"

"ನಮ್ಮನ್ನೇ."

ಹೌದು ಅನ್ನುವ ಹಾಗೆ ತಲೆಯಾಡಿಸಿದಳು. ಅಷ್ಟೇ ಮಾತು. ನಾನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕಣ್ಣೀರು ಹಾಕಿದೆ ಅತ್ತೆ, ಸಂತೋಷಕ್ಕೆ. ಹೊರಗೆ ಬಂದು ನೋಡಿದರೆ ಹೋಟೆಲಿನ ಪುಟ್ಟ ಸೋಪುಗಳು ಅವಳ ಜೇಬು ಸೇರಿದ್ದವು. ಮಕ್ಕಳ ಮನೆಯಲ್ಲಿ ಪಕ್ಕದ ಮಂಚದವಳಿಗೆ ಅಂತೆ. ಶಾಂಪೂ ಕೂಡ ತೆಗೆದುಕೋ ಅಂದೆ. ಅನುಮಾನದಿಂದ ನನ್ನನ್ನು ನೋಡಿ, ತೆಗೆದುಕೊಂಡಳು.

ಒಂದು ಕೇಳಲಾ? ಔಷಧಿ ಅಂಗಡಿಯವರಿಗೆ ಕೆಲಸದ ಮೇಲೆ ಹೋಗಿದ್ದಾಳೆ ಅಂದಿರಂತೆ. ಯಾವ ಕೆಲಸ ಅತ್ತೆ? ಮಗುವನ್ನು ಕರೆತರಲು ಹೋಗಿದ್ದಾಳೆ ಅಂತ ಹೇಳಲು ಏನು ಅಡ್ಡ ಬಂತು? ನಿಮ್ಮ ಮಗ ತೀರಿಹೋಗಿ ಆರು ವರ್ಷವಾಯಿತು. ಅವರು ಓಡಾಡಿದ ಮನೆಯಲ್ಲಿ ಯಾರದೋ ಮಗು ಓಡಾಡುವುದು ನಿಮಗೆ ಕಷ್ಟವಾದರೆ, ನಾನು ಹೊರಡುವ ಮೊದಲೇ ಹೇಳಬಹುದಿತ್ತು.

ಗಡಿಬಿಡಿ


ಜೂನ್ ೯

ಗಡಿಬಿಡಿಗೆ,

ಮಾತಿಗೆ ಮಾತು ಬೆಳೆಸಲು ನನಗೆ ಪುರುಸೊತ್ತಿಲ್ಲ. ನೀಲಿ ಬಟ್ಟೆಯ ಗುಡ್ಡ ಇನ್ನೂ ಕರಗಿಲ್ಲ.

ಅಳತೆ ಕಳಿಸು. ಭುಜ, ಎದೆ, ತೋಳು, ಉದ್ದ. ಮೊಣಕೈಯ ಸುತ್ತಳತೆಯೂ ಇರಲಿ. ನೀನು ಸೊಸೆಯಾಗಿ ಹೊಸ್ತಿಲು ದಾಟಿದ ದಿನ ಕುಡಿಯಲು ನೀರು ಕೊಡುವ ಮೊದಲೇ ನಿನ್ನ ಅಳತೆ ತೆಗೆದದ್ದು ನೆನಪಿದೆಯಷ್ಟೆ? ನಿನ್ನ ಅಮ್ಮ "ಇದೇನು ಮನೆಯೋ ಅಂಗಡಿಯೋ" ಅಂತ ಗೊಣಗಿದ್ದರು. ನನ್ನ ಅತ್ತೆ ನನಗೂ ಹಾಗೇ ಮಾಡಿದ್ದರು. ಈ ಮನೆಗೆ ಬಂದವರು ಮೊದಲನೇ ದಿನ ಈ ಮನೆಯಲ್ಲಿ ಹೊಲಿದದ್ದನ್ನೇ ತೊಡಬೇಕು. ಅದನ್ನು ನಾನು ಯಾರಿಗೂ ತಪ್ಪಿಸಿಲ್ಲ.

ಹತ್ತಿಯ ಬಟ್ಟೆ ಇದೆ, ಹಳದಿ, ಸಣ್ಣ ಚುಕ್ಕಿಯದು. ಮೆತ್ತಗಿದೆ. ಅಳತೆ ಹಿಡಿಯುವಾಗ ಟೇಪು ಬಿಗಿಯಬೇಡ, ನಿನಗೆ ಆ ಚಟ ಇದೆ.

ಅತ್ತೆ


ಜೂನ್ ೧೧

ಅತ್ತೆಯವರಿಗೆ,

ನಿಮಗೆ ಅಳತೆ ಕಳಿಸುವುದಿಲ್ಲ. ಇನ್ನು ಅದರ ಅಗತ್ಯವೂ ಬರುವುದಿಲ್ಲ.

ನಿನ್ನೆ ನಿಮ್ಮ ಕಾಗದ ಓದಿ ನಾನು ಆ ಬಿಳಿ ಹಾಸಿಗೆಯ ಮೇಲೆ ಚಿಕ್ಕ ಹುಡುಗಿಯ ಹಾಗೆ ಕುಣಿದೆ. ನಮ್ಮತ್ತೆ ಅಳತೆ ಕೇಳಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲೇ ಲೆಕ್ಕ. ಅವಳು ಬಂದ ಕೂಡಲೇ, "ಬಾ, ನಿಂಗೆ ಒಂದು ಫ್ರಾಕು ಹೊಲಿಸ್ತೀವಿ" ಅಂತ ಚೀಲದಿಂದ ಟೇಪು ತೆಗೆದೆ.

ನಾನು ಹೇಳುವ ಮೊದಲೇ ಎರಡೂ ಕೈ ಅಗಲಿಸಿ ನಿಂತಳು. ನೆಟ್ಟಗೆ, ಗದ್ದ ಎತ್ತಿ. ನಮ್ಮ ಅಂಗಡಿಗೆ ಬರುವ ಮಕ್ಕಳು ಎಷ್ಟು ಕುಲುಕಾಡುತ್ತಾರೆ ಗೊತ್ತಲ್ಲ, ಇವಳು ಕಂಬದ ಹಾಗೆ ನಿಂತಿದ್ದಳು. ಎಂಥ ಜಾಣೆ ಅಂದುಕೊಂಡೆ. ಭುಜ ಹಿಡಿದೆ, ಎದೆ ಹಿಡಿದೆ, ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಚೀಟಿಯಲ್ಲಿ ಬರೆದುಕೊಂಡೆ. ನನಗೆ ನನ್ನದೇ ಸಡಗರ. ಉದ್ದ ಹಿಡಿಯಲು ಮಂಡಿಯೂರಿದಾಗ ಅವಳ ಮುಖ ಕಂಡಿತು. ಗೋಡೆ ನೋಡುತ್ತಿದ್ದಳು, ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು.

"ಯಾಕಮ್ಮ, ನೋವಾಯ್ತಾ?"

"ನೀವು ಯಾವಾಗ ಹೋಗ್ತೀರಿ?" ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಪಾಟಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಬೇಡಿಕೊಂಡೆ, ಹಾಡಿದೆ, ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತೋಣ ಬಾ ಅಂದೆ. ಉಹ್ಞೂಂ. ಕೊನೆಗೆ ದೊಡ್ಡಮ್ಮ ಬಂದು ಕರೆದುಕೊಂಡು ಹೋದರು. ಆಮೇಲೆ ಅವರೇ ಹೇಳಿದ್ದು: ಇವಳನ್ನು ನೋಡಲು ಮುಂಚೆ ಎರಡು ಸಲ ಬೇರೆ ಬೇರೆ ಗಂಡ ಹೆಂಡತಿ ಬಂದಿದ್ದರಂತೆ. ಎರಡು ಸಲವೂ ಎತ್ತರ ನೋಡಿ, ತೂಕ ನೋಡಿ, "ನಿಂಗೆ ಹೊಸ ಬಟ್ಟೆ ತರ್ತೀವಿ" ಅಂತ ಅಳತೆ ಬರೆದುಕೊಂಡು ಹೋದವರು ಹೋದವರೇ. ಒಬ್ಬರು ಇನ್ನೂ ಸಣ್ಣ ಮಗು ಬೇಕು ಅಂದರಂತೆ. ಇನ್ನೊಬ್ಬರು ಏನೂ ಅನ್ನಲೇ ಇಲ್ಲವಂತೆ. ಬಟ್ಟೆಗಾಗಿ ಇವಳು ದಿನಾ ಗೇಟಿನ ಹತ್ತಿರ ನಿಲ್ಲುತ್ತಿದ್ದಳಂತೆ. ಟೇಪು ಹೊರಬಂತು ಅಂದರೆ ಬಂದವರು ಹೊರಟರು ಅಂತ ಅವಳ ಲೆಕ್ಕ.

ಆ ಚೀಟಿಯನ್ನು ಹರಿದು ಬಿಸಾಕಿದೆ. ಇವತ್ತು ಬೆಳಿಗ್ಗೆ ಹೋದರೆ ಅವಳು ಬರಲು ಒಪ್ಪಲಿಲ್ಲ. ಇನ್ನು ಅಧಿಕಾರಿಯ ಮುಂದೆ 'ಹ್ಞೂಂ' ಅನ್ನುವುದೆಲ್ಲಿಂದ ಬಂತು? ಟಿಕೆಟ್ಟು ಬದಲಾಯಿಸಿಕೊಂಡು ಬಂದುಬಿಡುತ್ತೇನೆ. ಹೇಗೂ ನಿಮಗೂ ಬೇಕಾಗಿರಲಿಲ್ಲ. ಬಾಗಿಲಿಗೂ ಬರಲಿಲ್ಲ, ಹೆಸರೂ ಎತ್ತಲಿಲ್ಲ. ಈಗ ನೆಮ್ಮದಿಯಾಗಿ ಯೂನಿಫಾರ್ಮು ಹೊಲಿಯಿರಿ, ಯಂತ್ರದ ಪಟ್ಟಿ ಸರಿಮಾಡಲು ನಾನು ಬರುತ್ತಿದ್ದೇನೆ.


ಜೂನ್ ೧೨

ಬಾಯಿಗೆ ಬಂದದ್ದು ಬರೆದಿದ್ದೀಯ. ಹೆಸರೂ ಹಾಕಿಲ್ಲ. ಪರವಾಗಿಲ್ಲ, ಅಕ್ಷರ ನೋಡಿದರೇ ನೀನು ಅಂತ ಗೊತ್ತಾಗುತ್ತದೆ. ಈಗ ನಾನು ಹೇಳುವುದನ್ನು ಕೂತು ಓದು. ಅಂಗಡಿ ಅರ್ಧ ಬಾಗಿಲು ಹಾಕಿ ಬರೆಯುತ್ತಿದ್ದೇನೆ. ಸುಗ್ಗಿಯಲ್ಲಿ ನಾನು ಬಾಗಿಲು ಹಾಕಿದ್ದು ನೀನು ಯಾವತ್ತಾದರೂ ಕಂಡಿದ್ದೀಯಾ?

ಅಳತೆ ಕೇಳಿದವಳು ನಾನು. ಆ ಮಗುವಿನ ಕಣ್ಣೀರು ನನ್ನ ತಲೆಯ ಮೇಲೆ ಬರಲಿ, ನಿನ್ನ ಮೇಲಲ್ಲ. ಅಳತೆ ಹಿಡಿಯುವುದೆಂದರೆ ಬಾ ಅಂದ ಹಾಗೆ ಅಂತ ನಾವು ತಿಳಿದಿದ್ದೆವು. ಅದು ಇನ್ನೊಬ್ಬರಿಗೆ ಹೋಗು ಅಂದ ಹಾಗೆ ಕೇಳಿಸುತ್ತದೆ ಅಂತ ನಮಗೇನು ಕನಸು ಬಿದ್ದಿತ್ತಾ?

ಇನ್ನು ಬಾಗಿಲಿನ ಮಾತು. ನಾನು ಎದ್ದು ಬರಲಿಲ್ಲ, ನಿಜ. ಬಂದಿದ್ದರೆ ಹೋಗಬೇಡ ಅಂದುಬಿಡುತ್ತಿದ್ದೆ. ಆದರೆ ನೀನು ತಿಳಿದುಕೊಂಡ ಕಾರಣಕ್ಕಲ್ಲ. ಯಾರದೋ ಮಗು ಅಂತ ನನ್ನ ಮನಸ್ಸಿನಲ್ಲಿ ಒಂದು ಸಲ ಬಂದಿದ್ದರೂ ನನ್ನ ಕೈ ಸೇದಿಹೋಗಲಿ. ನನಗೆ ಇದ್ದದ್ದು ನಿನ್ನ ಚಿಂತೆ. ಅವನು ಹೋದಾಗ ನಿನಗೆ ಮೂವತ್ತೆರಡು. ಇನ್ನೊಂದು ಮದುವೆ ಆಗು ಅಂತ ವರ್ಷ ವರ್ಷ ಹೇಳಿದೆ. ನಕ್ಕುಬಿಟ್ಟು ಪೆಡಲು ತುಳಿಯುತ್ತಿದ್ದೆ. ಔಷಧಿ ಅಂಗಡಿಯವರು ಸುಮ್ಮಸುಮ್ಮನೆ ಪ್ಯಾಂಟು ತರುತ್ತಾರಾ? ಅದಕ್ಕೇ ಕೆಲಸದ ಮೇಲೆ ಹೋಗಿದ್ದಾಳೆ ಅಂದೆ. ಮಗು ಬಂದರೆ ಆ ದಾರಿ ಮುಚ್ಚಿತು, ಈ ಕಿವುಡು ಮುದುಕಿಗೂ ಈ ಅಂಗಡಿಗೂ ನೀನು ಗಂಟುಬಿದ್ದೆ, ನನ್ನ ಕಾಲವಾದ ಮೇಲೆ ನಿನಗೆ ಯಾರು ಅಂತ ಭಯ. ನನಗೋಸ್ಕರ ನೀನು ನಿನ್ನ ಬದುಕು ಕುಗ್ಗಿಸಿಕೊಳ್ಳುತ್ತಿದ್ದೀಯ ಅಂತ ಸಂಕಟವಾಗಿತ್ತು. ಇದನ್ನು ಬಾಯಿಬಿಟ್ಟು ಹೇಳಲು ಬಾರದೆ ಯೂನಿಫಾರ್ಮಿನ ಸುದ್ದಿ ಬರೆದೆ.

ಟಿಕೆಟ್ಟು ಬದಲಾಯಿಸಿದರೆ ನನ್ನಾಣೆ. ಯಾವಾಗ ಹೋಗ್ತೀರಿ ಅಂತ ಕೇಳಿದಳಲ್ಲ, ದಿನಾ ಹೋಗಿ ಅವಳ ಕಣ್ಣಿಗೆ ಬೀಳು. ಮಾತಾಡಬೇಡ, ಮುದ್ದು ಮಾಡಬೇಡ, ಅಲ್ಲಿ ಇರು. ಹಿಂದೆ ಬಂದವರು ಯಾರೂ ಮಾಡದ ಕೆಲಸ ಅದೊಂದೇ.

ಅಳತೆ ಕಳಿಸಬೇಡ. ಅಳತೆ ಇಲ್ಲದೆಯೇ ನಾನು ಒಂದು ಹೊಲಿದು ಕಳಿಸುತ್ತೇನೆ. ಅಳತೆ ಇಲ್ಲದೆ ಬಟ್ಟೆಗೆ ಕತ್ತರಿ ಹಾಕಿದರೆ ನಮ್ಮತ್ತೆ ಕೈ ಮೇಲೆ ಹೊಡೆಯುತ್ತಿದ್ದರು. ಅವರು ಮೇಲಿಂದ ನೋಡಿ ಬೈದುಕೊಳ್ಳಲಿ.

ಅತ್ತೆ


ಜೂನ್ ೧೪

ಅತ್ತೆ,

ಟಿಕೆಟ್ಟು ಬದಲಾಯಿಸಲಿಲ್ಲ. ಬೆಳಿಗ್ಗೆ ತಿಂಡಿಯಾದ ಕೂಡಲೇ ಮಕ್ಕಳ ಮನೆಗೆ ಹೋಗುತ್ತೇನೆ, ಸಂಜೆಯವರೆಗೆ ಜಗುಲಿಯ ಬೆಂಚಿನ ಮೇಲೆ ಕೂರುತ್ತೇನೆ. ಸುಮ್ಮನೆ ಕೂರಲು ಬರುವುದಿಲ್ಲವಲ್ಲ ನನಗೆ, ಹೋಟೆಲಿನವರು ಕೊಟ್ಟ ಸೂಜಿ ದಾರದಲ್ಲಿ ಅಲ್ಲಿಯ ಮಕ್ಕಳ ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದೇನೆ. ಅವಳು ಓಡಾಡುತ್ತಾಳೆ, ನೋಡದ ಹಾಗೆ ನೋಡುತ್ತಾಳೆ. ನಿನ್ನೆ ಸಂಜೆ ನಾನು ಹೊರಟಾಗ ಗೇಟಿನ ಹತ್ತಿರ ಬಂದಿದ್ದಳು. ಇವತ್ತು ಬೆಳಿಗ್ಗೆ ಹೋದಾಗಲೂ ಅಲ್ಲೇ ಇದ್ದಳು. ಪಾರ್ಸೆಲ್ಲು ಇನ್ನೂ ಬಂದಿಲ್ಲ.

ಹಾಗೆ ಬರೆಯಬಾರದಿತ್ತು. ಕ್ಷಮೆ ಕೇಳಿದರೆ ನೀವು "ಸಾಕು ನಾಟಕ" ಅಂತೀರಿ, ಅದಕ್ಕೇ ಕೇಳುವುದಿಲ್ಲ.

ಆದರೆ ನಿಮ್ಮ ಒಂದು ಲೆಕ್ಕ ತಪ್ಪು. ಔಷಧಿ ಅಂಗಡಿಯವರು ಒಳ್ಳೆಯವರೇ. ಅವರ ಪ್ಯಾಂಟು ಎಷ್ಟು ಬೇಕಾದರೂ ಕುಗ್ಗಿಸಿಕೊಡುತ್ತೇನೆ, ಅದಕ್ಕಿಂತ ಮುಂದೆ ಹೋಗುವ ಮನಸ್ಸಿಲ್ಲ. ನಾನು ಆ ಮನೆಯಲ್ಲಿ ಉಳಿದದ್ದು ನಿಮ್ಮ ಮೇಲಿನ ಕರುಣೆಗಲ್ಲ ಅತ್ತೆ. ಅವರು ಹೋದ ಮೇಲೆ ನನ್ನನ್ನು ಯಾರೂ ಮುಟ್ಟಿ ಮಾತಾಡಿಸುತ್ತಿರಲಿಲ್ಲ, ಎಲ್ಲರೂ ದೂರ ನಿಂತು ಪಾಪ ಅನ್ನುತ್ತಿದ್ದರು. ನೀವೊಬ್ಬರೇ ನನ್ನ ತಲೆ ಬಾಚಿ, "ಏಳು, ಗಿರಾಕಿ ಬಂದಿದ್ದಾರೆ" ಅಂತ ಗದರಿದ್ದು. ನಿಮ್ಮ ಮಗ ಹೋದ ದುಃಖ ಒಂದು ಕಡೆ ಇಟ್ಟು ನನಗೆ ಅನ್ನ ಕಲಸಿ ಕೊಟ್ಟಿರಿ. ನಿಮ್ಮ ಬೈಗುಳ ಇಲ್ಲದ ಮನೆಯಲ್ಲಿ ನನಗೆ ಬದುಕಲು ಬರುವುದಿಲ್ಲ. ನನಗೆ ನೀವು ಬೇಕು, ಅವಳೂ ಬೇಕು. ಇದು ಕುಗ್ಗಿಸಿಕೊಂಡ ಬದುಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ನಾಡಿದ್ದು ಕಳೆದರೆ ಅಧಿಕಾರಿ ಬರುತ್ತಾರೆ. ಊಟ ಸೇರುತ್ತಿಲ್ಲ.

ಗಡಿಬಿಡಿ


ಜೂನ್ ೧೭

ಅತ್ತೆ, ಅತ್ತೆ, ಅತ್ತೆ!

ಮೊದಲು ಕೂತುಕೊಳ್ಳಿ. ಹ್ಞೂಂ ಅಂದಳು.

ಈಗ ಮೊದಲಿಂದ ಹೇಳುತ್ತೇನೆ. ಪಾರ್ಸೆಲ್ಲು ನಿನ್ನೆ ಬೆಳಿಗ್ಗೆ ಬಂತು. ಬಿಚ್ಚದೆ ಹಾಗೇ ಮಕ್ಕಳ ಮನೆಗೆ ಒಯ್ದು ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಅವಳು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹಾದುಹೋದಳು. ಕೊನೆಗೆ ಬಂದು ನಿಂತು ಪಾರ್ಸೆಲ್ಲಿನ ಮೇಲಿನ ಅಕ್ಷರ ಓದಿದಳು. "ನಿಂದೇ, ಬಿಚ್ಚು" ಅಂದೆ. ಹಲ್ಲಿನಲ್ಲಿ ದಾರ ಕಚ್ಚಿ ಬಿಚ್ಚಿದಳು.

ನಿಮ್ಮ ಹಳದಿ ಫ್ರಾಕು. ತನ್ನ ಅಂಗಿಯ ಮೇಲೇ ತೊಟ್ಟುಕೊಂಡಳು. ದೇವರೇ, ಅಂಥ ದೊಗಳೆ! ಕುತ್ತಿಗೆ ಭುಜದಿಂದ ಜಾರಿತು, ಬೆರಳ ತುದಿ ಕಾಣದ ಹಾಗೆ ತೋಳು ಇಳಿಬಿತ್ತು, ಒಳಗೆ ಇನ್ನೊಬ್ಬಳು ಹಿಡಿಸುವಷ್ಟು ಜಾಗ. ತನ್ನನ್ನೇ ಕೆಳಗಿಂದ ಮೇಲಕ್ಕೆ ನೋಡಿಕೊಂಡಳು. ನನ್ನನ್ನು ನೋಡಿದಳು.

"ಇದನ್ನ ಯಾರು ಹೊಲಿದಿದ್ದು?"

"ನಮ್ಮನೆ ಅಜ್ಜಿ."

"ಅವರಿಗೆ ಹೊಲಿಯೋಕೆ ಬರಲ್ವಾ?"

ನಾನು ನಕ್ಕ ನಗುವಿಗೆ ಅಡುಗೆ ಮನೆಯಿಂದ ದೊಡ್ಡಮ್ಮ ಓಡಿಬಂದರು. "ಬರುತ್ತಮ್ಮ, ಊರಿಗೆಲ್ಲ ಹೊಲಿದು ಕೊಡ್ತಾರೆ" ಅಂದೆ.

"ಮತ್ತೆ ಇದು ಯಾಕೆ ಹಿಂಗೆ?"

"ನಿನ್ನ ಅಳತೆ ಅವರ ಹತ್ರ ಇಲ್ಲ. ನಾನು ಕಳಿಸಲಿಲ್ಲ."

"ಅಳತೆ ಇಲ್ದೇನೇ ಹೊಲಿದ್ರಾ?"

"ಹ್ಞೂಂ."

ತುಂಬ ಹೊತ್ತು ತೋಳಿನ ಅಂಚು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಬೆಂಚಿನ ಮೇಲೆ ನನಗೆ ಅಂಟಿಕೊಂಡು ಕೂತಳು. ದೊಡ್ಡಮ್ಮ ಹೇಳಿದರು, ಹಿಂದೆ ಅಳತೆ ತೆಗೆದವರು ಬಟ್ಟೆ ಕಳಿಸಲಿಲ್ಲ, ಇವರು ಅಳತೆಗೂ ಕಾಯದೆ ಕಳಿಸಿದರಲ್ಲ ಅಂತ. ಮಧ್ಯಾಹ್ನ ಊಟಕ್ಕೂ ಬಿಚ್ಚಲಿಲ್ಲ. ತೋಳು ತಟ್ಟೆಯಲ್ಲಿ ಅದ್ದಿ, ಸಾರಿನ ಕಲೆ ಆಗಿದೆ. ಬೈಯಬೇಡಿ.

ಇವತ್ತು ಅಧಿಕಾರಿ ಬಂದರು. ಗಂಭೀರ ಮನುಷ್ಯ, ಆದರೆ ಮಾತು ಮೃದು. ನನ್ನನ್ನು ಕೋಣೆಯ ಆ ತುದಿಯಲ್ಲಿ ಕೂರಿಸಿದರು, ಸನ್ನೆ ಕೂಡ ಮಾಡಬಾರದು ಅಂದರು. ನನ್ನ ಎದೆ ಬಡಿತ ನಿಮಗೂ ಕೇಳಿಸುತ್ತಿತ್ತೇನೋ.

"ಇವರ ಜೊತೆ ಹೋಗ್ತೀಯಾ ಮರಿ?"

ಫ್ರಾಕಿನ ಉದ್ದ ತೋಳಿನೊಳಗೆ ಬೆರಳು ಹುದುಗಿಸಿಕೊಂಡಳು. ಮತ್ತೊಮ್ಮೆ ಕೇಳಿದರು. ಆಗಲೂ ಅದೇ. ನಾನು ನೆಲ ನೋಡುತ್ತಾ ಕೂತೆ. ಆಗ ಆ ತೋಳು ಮೇಲೆ ಸರಿಸಿಕೊಳ್ಳುತ್ತಾ ಹೇಳಿದಳು: "ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರಿಗೆ ನನ್ನ ಅಳತೆ ಕೊಡಬೇಕು."

"ಅಂದರೆ ಹ್ಞೂಂ ಅಂತಲಾ?"

"ಹ್ಞೂಂ."

ಅತ್ತೆ, ಅಳತೆ ತಾನೇ ಕೊಡುತ್ತಾಳಂತೆ! ನೀವು ಎಂಥ ಕಿಲಾಡಿ! ಕಡ್ಡಿ ಹಾಗಿದ್ದಾಳೆ ಅಂತ ನಾನು ಬರೆದಿದ್ದೆ. ರಸ್ತೆಯಲ್ಲಿ ಹೋಗುವವರನ್ನು ನೋಡಿ ಎದೆ ಎಷ್ಟು, ಸೊಂಟ ಎಷ್ಟು ಅಂತ ಹೇಳಿಬಿಡುವ ನಿಮ್ಮ ಅಂದಾಜು ಇಷ್ಟು ತಪ್ಪುತ್ತದಾ? ಬೇಕಂತಲೇ ದೊಗಳೆ ಹೊಲಿದಿರಿ, ಅವಳು ನಗಲಿ ಅಂತ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ?

ಕಾಗದಪತ್ರದ ಕೆಲಸ ಮುಗಿಸಿ ಇಪ್ಪತ್ತೊಂದಕ್ಕೆ ವಿಮಾನ. ಅಷ್ಟರಲ್ಲಿ ಫ್ರಾಕಿನ ಪಕ್ಕ ಹಿಡಿದು, ತೋಳು ಗಿಡ್ಡ ಮಾಡಿ ಅವಳಿಗೆ ಸರಿಯಾಗಿ ಕುಗ್ಗಿಸುತ್ತೇನೆ. ನಮ್ಮ ಮನೆಗೆ ಮೊದಲ ಸಲ ಬರುವವಳು ನೀಟಾಗಿ ಬರಲಿ.

ಗಡಿಬಿಡಿ


ಜೂನ್ ೧೮

ಗಡಿಬಿಡಿ, ನನ್ನ ಮಗಳೇ,

ನಿನ್ನ ಕಾಗದ ಓದಿ ಅಂಗಡಿಯಲ್ಲಿದ್ದ ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ. ಔಷಧಿ ಅಂಗಡಿಯವರೂ ಇದ್ದರು, ಗಾಬರಿಯಾಗಿ ನೀರು ತಂದುಕೊಟ್ಟರು. ನನ್ನ ಸೊಸೆ ನನ್ನ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದಾಳೆ ಅಂತ ಹೇಳಿದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು, ಆಮೇಲೆ ಮಕ್ಕಳ ಹಲ್ಲಿಗೆ ಒಳ್ಳೆಯ ಪೇಸ್ಟು ಇದೆ, ಕೊಡುತ್ತೇನೆ ಅಂದರು. ಒಳ್ಳೆಯ ಮನುಷ್ಯ. ಇನ್ನು ಆ ವಿಷಯ ನಾನು ಎತ್ತುವುದಿಲ್ಲ.

ಬೇಕಂತ ಮಾಡಿದೆ ಅಂದೆಯಲ್ಲ, ಹಾಗೆ ಬುದ್ಧಿ ಓಡಿಸಿ ಮಾಡಿದ್ದಲ್ಲ. ನಿನ್ನಿಂದ ಹೊಗಳಿಸಿಕೊಂಡು ಸುಮ್ಮನಿದ್ದುಬಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಅವತ್ತು ನಿನಗೆ ಕಾಗದ ಬರೆದು ಮುಗಿಸಿ ಬಟ್ಟೆ ಹಾಸಿಕೊಂಡು ಕೂತೆ, ಸೀಮೆಸುಣ್ಣ ಹಿಡಿದು. ಕಡ್ಡಿ ಹಾಗಿದ್ದಾಳೆ ಅಂತ ಬರೆದದ್ದು ನೆನಪಿತ್ತು. ಆದರೆ ಏಳು ವರ್ಷ, ಏಳು ವರ್ಷ ಅಂತ ಅಂದುಕೊಳ್ಳುತ್ತಾ ಕೂತವಳಿಗೆ ಕೈ ತಾನಾಗಿ ಓಡಿತು. ಭುಜಕ್ಕೆ ಗುರುತು, ಎದೆಗೆ ಗುರುತು, ತೋಳಿಗೆ ಗುರುತು. ತಡೆಯೇ ಇಲ್ಲ. ಅಳತೆ ಇಲ್ಲದೆ ಇಷ್ಟು ಸಲೀಸಾಗಿ ಹೇಗೆ ಬರುತ್ತಿದೆ ಅಂತ ನನಗೇ ಹೆಮ್ಮೆ. ಕತ್ತರಿಸಿ, ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಲು ಎತ್ತಿ ಹಿಡಿದಾಗ ಗೊತ್ತಾಯಿತು. ಅದು ನನ್ನ ಮಗನ ಭುಜ. ಅವನ ಎದೆ. ಏಳು ವರ್ಷದವನಿದ್ದಾಗ ಅವನು ಹೇಗಿದ್ದ ಅಂತ ನೀನು ನೋಡಿಲ್ಲ. ಗುಂಡುಗುಂಡಾಗಿ, ವಯಸ್ಸಿಗೆ ಮೀರಿದ ಎತ್ತರ, ಅಂಗಿ ಹೊಲಿದಷ್ಟೂ ಸಾಲದು. ಇಷ್ಟು ವರ್ಷ ಆ ಅಳತೆ ನನ್ನ ಕೈಯೊಳಗೇ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಬಿಚ್ಚಿ ಕುಗ್ಗಿಸೋಣ ಅಂತ ಕತ್ತರಿ ತೆಗೆದುಕೊಂಡೆ. ಹೊಲಿಗೆಗೆ ಕತ್ತರಿ ತಾಗಿಸಲು ಆಗಲಿಲ್ಲ. ಮಡಿಚಿ ಹಾಗೇ ಪಾರ್ಸೆಲ್ಲು ಕಟ್ಟಿದೆ. ಮಗು ಏನಂದುಕೊಳ್ಳುತ್ತದೋ ಅಂತ ಆಮೇಲೆ ಮನಸ್ಸಿಗೆ ಸಮಾಧಾನವೇ ಇರಲಿಲ್ಲ. ನನಗೆ ಹೊಲಿಯಲು ಬರುವುದಿಲ್ಲ ಅಂದಳಂತೆ. ಅನ್ನಲಿ ಬಿಡು, ಅವಳಿಗೆ ಆ ಹಕ್ಕಿದೆ.

ನೀನು ಅದನ್ನು ಕುಗ್ಗಿಸಲು ಹೋಗಬೇಡ. ಸಾರಿನ ಕಲೆ ಇದ್ದರೆ ಇರಲಿ, ನೀಟೂ ಬೇಡ, ಪಾಟೂ ಬೇಡ. ತೋಳು ಮಡಿಚಿ, ಹಾಗೇ ತೊಡಿಸಿಕೊಂಡು ಕರೆದುಕೊಂಡು ಬಾ. ಅವಳಿಗೆ ಬೇಕಾದಷ್ಟು ಬೇರೆ ಹೊಲಿದು ಕೊಡುತ್ತೇನೆ. ಇದು ಮಾತ್ರ ಇಷ್ಟೇ ದೊಡ್ಡದಾಗಿರಲಿ, ನಮ್ಮ ಜೊತೆ ಉಣ್ಣುತ್ತಾ ಉಣ್ಣುತ್ತಾ ನಿಧಾನವಾಗಿ ತುಂಬಿಕೊಳ್ಳುತ್ತಾಳೆ.

ನಿಮ್ಮಿಬ್ಬರ ದಾರಿ ಕಾಯುತ್ತಾ,
ಅಜ್ಜಿ